ಪಟ್ಟಣದ ಸುರಕ್ಷತೆ ಯಾರ ಹೊಣೆ?

ಒಂದು ಊರು ಎಷ್ಟು ಸುರಕ್ಷಿತವಾಗಿದೆಯೆಂಬುದನ್ನು ಅರಿಯಲು ಠಾಣೆಯ ದಾಖಲೆಗಿಂತ ಸರಳವಾದ ಅಳತೆಗೋಲೊಂದುಂಟು. ದಿನದ ಕೂಲಿ ಮುಗಿಸಿದ ಹೆಣ್ಣುಮಗಳು ದೀಪ ಹತ್ತಿದ ಮೇಲೆ ಒಬ್ಬಳೇ ಮನೆಗೆ ನಡೆದು ಹೋಗಬಲ್ಲಳೇ? ಮಾಲು ಮಾರಿದ ರೈತನು ನಿಶ್ಚಿಂತನಾಗಿ ಬಸ್ಸು ಹತ್ತಬಲ್ಲನೇ? ಕೈಯಲ್ಲಿದ್ದುದನ್ನು ಕಳೆದುಕೊಂಡ ಬಡವನು ಠಾಣೆಯ ಮೆಟ್ಟಿಲು ಹತ್ತಲು ಅಂಜದಿರುವನೇ? ಈ ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ದೊರೆಯುವ ಊರೇ ಸುರಕ್ಷಿತವಾದ ಊರು.

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳ ವಿಷಯದಲ್ಲಿ ಈ ಪ್ರಶ್ನೆಗಳಿಗೆ ವಿಶೇಷವಾದ ಅರ್ಥವಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿಯು ಜಿಲ್ಲೆಯ ಕೇಂದ್ರವಾಯಿತು; ಕಚೇರಿಗಳು ಬಂದವು, ಹೊಸ ಬಡಾವಣೆಗಳು ಎದ್ದವು. ಬೀಜ ಮತ್ತು ಹತ್ತಿಯ ವ್ಯಾಪಾರಕ್ಕೆ ಹೆಸರಾದ ರಾಣೇಬೆನ್ನೂರಿನ ಜನಸಂಖ್ಯೆಯು 2011ರ ಜನಗಣತಿಯ ವೇಳೆಗೇ ಒಂದು ಲಕ್ಷವನ್ನು ಮೀರಿತ್ತು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಲಭಿಸಿತು. ಸುಗ್ಗಿಯ ಕಾಲದಲ್ಲಿ ಆಂಧ್ರದಿಂದಲೂ ಮಾಲು ಬರುವ ಪೇಟೆಯದು. ಹೆದ್ದಾರಿ, ರೈಲುಮಾರ್ಗ ಮತ್ತು ಮಾರುಕಟ್ಟೆಗಳು ಸೇರಿದೆಡೆ ಹಣವೂ ಅಪರಿಚಿತರೂ ಕೂಡುವುದು ಸಹಜ. ಹಿಂದೆ ಓಣಿಯಲ್ಲಿ ಎಲ್ಲರಿಗೆ ಎಲ್ಲರೂ ಗೊತ್ತಿದ್ದರು. ಇಂದಿನ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯದವರು ಅನೇಕರಿದ್ದಾರೆ. ಬೀಗಗಳು ದೊಡ್ಡವಾಗಿವೆ, ಪರಿಚಯ ಸಣ್ಣದಾಗಿದೆ.

ಅಪರಾಧದ ವಿಷಯ ಬಂದೊಡನೆ ಅಂಕಿಗಳ ಮಾತು ಬರುತ್ತದೆ. ಪ್ರಕರಣಗಳು ಹೆಚ್ಚಿದರೆ ಊರು ಕೆಟ್ಟಿತೆಂದೂ, ಕಡಿಮೆಯಾದರೆ ಸುಧಾರಿಸಿತೆಂದೂ ತೀರ್ಪು ಕೊಡುವುದು ರೂಢಿ. ಇದು ದುಡುಕಿನ ತೀರ್ಪು. ಗೈರುಹಾಜರಿ ಬರೆಯದ ಶಿಕ್ಷಕನ ಹಾಜರಿ ಪುಸ್ತಕದಲ್ಲಿ ಎಲ್ಲ ಮಕ್ಕಳೂ ಹಾಜರಿರುತ್ತಾರೆ. ಹಾಗೆಯೇ ದೂರು ದಾಖಲಾಗದ ಊರಿನಲ್ಲಿ ಅಪರಾಧವೇ ಇಲ್ಲವೆಂದು ಕಾಗದವು ಹೇಳಬಹುದು. ಶಿಕ್ಷಾರ್ಹವಾದ ಗಂಭೀರ ಅಪರಾಧದ ಮಾಹಿತಿ ಬಂದಾಗ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧವು ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಕಾನೂನು ಬಾಗಿಲು ತೆರೆದಿದೆ. ಒಳಗೆ ಹೋಗುವ ಧೈರ್ಯವನ್ನು ಕೊಡಬೇಕಾದವರು ಊರಿನ ತಿಳಿದವರು.

ಸುರಕ್ಷತೆಯೆಂದರೆ ಕಳ್ಳರಿಂದ ರಕ್ಷಣೆ ಮಾತ್ರವಲ್ಲವೆಂಬುದನ್ನು ಬ್ಯಾಡಗಿಯು ಕಂಡಿದೆ. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿಯ ಧಾರಣೆ ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ಗುಂಪು ಕೃಷಿ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿತು. ವಾಹನಗಳು ಬೆಂಕಿಗೆ ಆಹುತಿಯಾದವು. ಪೊಲೀಸರ ಮೇಲೆ ಕಲ್ಲುಗಳು ಬಿದ್ದವು. ಉರಿಯನ್ನು ಆರಿಸಲು ಬಂದ ಅಗ್ನಿಶಾಮಕ ವಾಹನವೂ ಆಕ್ರೋಶದಿಂದ ಪಾರಾಗಲಿಲ್ಲ. ಬೆಂಕಿ ಹಚ್ಚಿದ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ನೂರಾರು ಮೈಲಿ ಬಂದವನಿಗೆ ಬೆಲೆ ಏಕೆ ಇಳಿಯಿತೆಂದು ನಂಬುವಂತೆ ತಿಳಿಸಿ ಹೇಳುವ ವ್ಯವಸ್ಥೆ ಅಂದು ಸಾಲದಾಯಿತೆಂಬುದನ್ನು ಮರೆಯಲಾಗದು. 2008ರ ಜೂನ್‌ನಲ್ಲಿ ಗೊಬ್ಬರದ ಅಭಾವದಿಂದ ಬೇಸತ್ತ ರೈತರು ಹಾವೇರಿಯಲ್ಲಿ ಬೀದಿಗಿಳಿದಾಗ ಗೋಲಿಬಾರು ನಡೆದು ಜೀವಗಳು ಹೋದವು. ಎರಡು ಘಟನೆಗಳೂ ಒಂದೇ ಪಾಠವನ್ನು ಕಲಿಸುತ್ತವೆ. ಗೊಬ್ಬರದ ಸಾಲು, ತೂಕದ ಕಟ್ಟೆ, ಟೆಂಡರಿನ ಫಲಿತಾಂಶಗಳಲ್ಲಿ ಜನರಿಗೆ ನಂಬಿಕೆಯಿದ್ದಲ್ಲಿ ಲಾಠಿಗೆ ಕೆಲಸ ಕಡಿಮೆ. ನಂಬಿಕೆ ಸತ್ತಲ್ಲಿ ಎಷ್ಟು ಲಾಠಿಗಳಿದ್ದರೂ ಸಾಲವು.

ಕ್ಯಾಮೆರಾಗಳನ್ನು ಹಾಕಿದರಾಯಿತೆಂಬ ವಾದವೂ ಉಂಟು. ಹೆಚ್ಚು ಜನ ಸೇರುವ ಸಂಸ್ಥೆಗಳು ಅವುಗಳನ್ನು ಅಳವಡಿಸಬೇಕೆಂದು ಕರ್ನಾಟಕದಲ್ಲಿ 2017ರ ಕಾಯಿದೆಯೇ ಇದೆ. ಅವು ಬೇಕು. ಆದರೆ ಕ್ಯಾಮೆರಾ ನಡೆದುದನ್ನು ತೋರಿಸುತ್ತದೆ. ನಡೆಯುವುದನ್ನು ತಡೆಯುವುದು ನೆರೆಯವರ ಎಚ್ಚರ. ಅಲ್ಲದೆ ಇಂದಿನ ಕಳ್ಳನು ಬಸ್ ನಿಲ್ದಾಣಕ್ಕೆ ಬರಬೇಕಾಗಿಲ್ಲ. ಬ್ಯಾಂಕಿನವನೆಂದೋ ಪೊಲೀಸನೆಂದೋ ನಟಿಸುವ ಒಂದು ದೂರವಾಣಿ ಕರೆಯಿಂದ ರೈತನ ಖಾತೆಯನ್ನೇ ಬರಿದುಮಾಡಬಲ್ಲನು. ಮೋಸ ತಿಳಿದೊಡನೆ 1930 ಸಂಖ್ಯೆಗೆ ಕರೆ ಮಾಡಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆಯಿದೆ. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರೆ ಆ ಸಾಧ್ಯತೆ ಕರಗುತ್ತದೆ. ಈ ಒಂದು ಸಂಖ್ಯೆ ಎಷ್ಟು ಮನೆಗಳ ಹಿರಿಯರಿಗೆ ತಿಳಿದಿದೆ?

ಎಚ್ಚರವು ಅನುಮಾನವಾಗಿ ಕೆಡದಂತೆಯೂ ನೋಡಿಕೊಳ್ಳಬೇಕು. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರನನ್ನು ಹೊಡೆದು ಕೊಂದಿತು. ಊರನ್ನು ಕಾಯುತ್ತಿದ್ದೇವೆಂದು ಭಾವಿಸಿದವರೇ ಕೊಲೆಗಾರರಾದರು. ಮೂರು ರಾಜ್ಯಗಳ ಲಾರಿ ನಿಲ್ಲುವ ಪೇಟೆಗೆ ಈ ಎಚ್ಚರಿಕೆ ಅತ್ಯಗತ್ಯ. ಅಪರಿಚಿತನನ್ನು ಕಂಡರೆ ಮಾತನಾಡಿಸಬೇಕು. ಸಂಶಯ ಬಂದರೆ 112ಕ್ಕೆ ತಿಳಿಸಬೇಕು. ಕೈಯೆತ್ತುವ ಅಧಿಕಾರ ಯಾರಿಗೂ ಇಲ್ಲ.

ಇಲ್ಲಿ ವಿದ್ಯಾಸಂಸ್ಥೆಗಳ ಹೊಣೆ ಆರಂಭವಾಗುತ್ತದೆ. ಕೊಠಡಿಗೆ ದೇಣಿಗೆ ನೀಡಿ ಹೆಸರು ಕೆತ್ತಿಸುವ ದಾನಿಗಳು ಪೇಟೆಯಿಂದ ಕೂಲಿಕಾರರ ಓಣಿಯವರೆಗೆ ಹತ್ತು ದೀಪದ ಕಂಬಗಳನ್ನು ನಿಲ್ಲಿಸಿದರೆ, ಮೆಣಸಿನಕಾಯಿಯ ತೊಟ್ಟು ಬಿಡಿಸಿ ಸಂಜೆ ಮರಳುವ ಹೆಣ್ಣುಮಕ್ಕಳು ಪ್ರತಿರಾತ್ರಿ ಅವರನ್ನು ನೆನೆಯುವರು. ವಕೀಲರೂ ವರ್ತಕರೂ ಆಗಿರುವ ಹಳೆಯ ವಿದ್ಯಾರ್ಥಿಗಳು ವಾರದಲ್ಲಿ ಒಂದು ಗಂಟೆ ಅಕ್ಷರ ಬಾರದವರ ದೂರನ್ನು ಬರೆದುಕೊಟ್ಟು ಠಾಣೆಯವರೆಗೆ ಜೊತೆಗೆ ನಡೆದರೆ ಸಾಕು. ಶಿಕ್ಷಕರು ಪತ್ರಲೇಖನದ ಪಾಠದಲ್ಲಿ ರಜಾ ಅರ್ಜಿಯೊಡನೆ ದೂರು ಅರ್ಜಿಯನ್ನೂ ಕಲಿಸಲಿ. ಕೇಳಿದ ಸುದ್ದಿಯನ್ನು ಪರೀಕ್ಷಿಸದೆ ಹಬ್ಬಿಸುವುದು ತಪ್ಪೆಂದು ತಿಳಿಸಲಿ.

ಪೊಲೀಸರ ಕರ್ತವ್ಯವು ಇದರಿಂದ ಕಡಿಮೆಯಾಗದು. ಗಸ್ತು ತಪ್ಪಿದರೆ, ದೂರನ್ನು ತಳ್ಳಿಹಾಕಿದರೆ ಪ್ರಶ್ನಿಸುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗಿದೆ. ಆದರೆ ತನ್ನ ಓಣಿಯ ದೀಪ ಆರಿದುದನ್ನು ತಿಂಗಳುಗಟ್ಟಲೆ ನೋಡಿಯೂ ಸುಮ್ಮನಿದ್ದವನ ಪ್ರಶ್ನೆಗೆ ತೂಕ ಬರುವುದಿಲ್ಲ. ಊರು ಕಾಯುವ ಕೆಲಸದಲ್ಲಿ ಮೊದಲ ಪಾಳಿ ಊರಿನವರದೇ.