ದಂಡಿಗೆ ಹೋದವರ ಮನೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಊರುಗಳ ಸುತ್ತಿನಲ್ಲಿ ದಂಡಿನ ನೌಕರಿ ಮುಗಿಸಿ ಬಂದ ಹಿರಿಯರೊಬ್ಬರು ತೀರಿಕೊಂಡರೆ, ನೆರೆದವರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಹೊರಡುತ್ತವೆ: ದೇಶಕ್ಕಾಗಿ ದುಡಿದರು, ಹೆಂಡಿರು ಮಕ್ಕಳನ್ನು ಅಕ್ಕರೆಯಿಂದ ಸಾಕಿದರು. ಎರಡೂ ಸತ್ಯವೇ. ಆದರೆ ಅವು ಬೇರೆ ಬೇರೆ ಬದುಕುಗಳೆಂಬಂತೆ ಆಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ದಂಡಿಗೆ ಹೋದುದು ಒಬ್ಬನಾದರೂ ಆ ಸೇವೆಯ ಭಾರವನ್ನು ಹೊತ್ತುದು ಇಡೀ ಮನೆ. ಇದನ್ನು ಎಲ್ಲರೂ ಬಲ್ಲ ಒಂದು ಜೀವನದಿಂದಲೇ ವಾಚಕರು ನೋಡಬಹುದು. ಅದು ಕೊಡಗಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನ.

ಕೊಡಗಿನವರ ಮಾತು ನಮ್ಮ ಸೀಮೆಗೆ ಏಕೆಂದು ಯಾರಾದರೂ ಕೇಳಿಯಾರು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾದು ಸಿಕಂದರಾಬಾದಿನ ದಂಡಿನ ಊರಿಗೆ ಹೋಗುವ ರೈಲುದಾರಿ 1874ರಲ್ಲಿ ತೆರೆಯಿತು. ಆಗ ಈ ಸೀಮೆಯೆಲ್ಲ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ಆ ರಾಜ್ಯದ ಹೆಸರನ್ನು ಹೊತ್ತ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯು 1903ರಲ್ಲಿ ಭಾರತೀಯ ಸೈನ್ಯದಲ್ಲಿ ಬೆರೆತು, 1922ರಲ್ಲಿ ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟ್ ಎನಿಸಿಕೊಂಡಿತು. 1926ರಲ್ಲಿ ಅಧಿಕಾರಿಯಾಗಿ ಸೈನ್ಯಕ್ಕೆ ಸೇರಿದ ತಿಮ್ಮಯ್ಯನವರು ಬೆಳೆದುದು ಈ ರೆಜಿಮೆಂಟಿನಲ್ಲಿಯೇ. 1945ರಲ್ಲಿ ಅದರ ಹೆಸರು ಕುಮಾಊಂ ರೆಜಿಮೆಂಟ್ ಎಂದು ಬದಲಾಯಿತು.

ತಿಮ್ಮಯ್ಯನವರು ಹುಟ್ಟಿದುದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. 1935ರ ಜನವರಿಯಲ್ಲಿ ಶ್ರೀಮತಿ ನೀನಾ ಅವರೊಡನೆ ಅವರ ವಿವಾಹವಾಯಿತು. ದಂಪತಿಗಳು ಇಂದಿನ ಪಾಕಿಸ್ತಾನದಲ್ಲಿರುವ ಕ್ವೆಟ್ಟಾ ನಗರದಲ್ಲಿದ್ದಾಗ, ಅದೇ ವರ್ಷದ ಮೇ 31ರ ನಸುಕಿನಲ್ಲಿ ಘೋರವಾದ ಭೂಕಂಪವಾಗಿ ಸಾವಿರಾರು ಜನರು ನಿದ್ರೆಯಲ್ಲಿಯೇ ಮಡಿದರು. ಮದುವೆಯಾಗಿ ಇನ್ನೂ ಐದಾರು ತಿಂಗಳಾಗಿರದ ಆ ಹೆಣ್ಣುಮಗಳು ಗಾಯಗೊಂಡವರ ಸೇವೆಗೆ ನಿಂತರು. ಅದಕ್ಕಾಗಿ ಅವರಿಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು. ಸಿಪಾಯಿಯ ಮನೆಗೆ ಪದಕವೆಂಬುದು ಗಂಡಸಿನ ಎದೆಯ ಮೇಲೆಯೇ ಬರಬೇಕೆಂದೇನೂ ಇಲ್ಲ. ಮರುವರ್ಷ ಅವರಿಗೆ ಮಗಳು ಹುಟ್ಟಿದಳು.

ಎರಡನೆಯ ಮಹಾಯುದ್ಧವು ಈ ಮನೆತನವನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿತು. ತಿಮ್ಮಯ್ಯನವರು ಬರ್ಮಾ ದೇಶದಲ್ಲಿ ಜಪಾನೀಯರ ಮೇಲೆ ಹೋರಾಡಿದರು. ಆ ಯುದ್ಧದ ರಣರಂಗದಲ್ಲಿ ಬ್ರಿಗೇಡೊಂದರ ನಾಯಕತ್ವವನ್ನು ವಹಿಸಿದ ಭಾರತೀಯರು ಅವರು. ಅವರ ಒಡಹುಟ್ಟಿದ ಪೊನ್ನಪ್ಪನವರಾದರೋ ನೇತಾಜಿಯವರ ಆಜಾದ್ ಹಿಂದ್ ಸೇನೆಯನ್ನು ಸೇರಿದ್ದರು. ಒಂದೇ ತಾಯಿಯ ಮಕ್ಕಳು ಎದುರುಬದುರಿನ ದಂಡುಗಳಲ್ಲಿ ನಿಂತಿದ್ದರು; ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ದೇಶದ ಹಿತವನ್ನೇ ನಂಬಿದವರು. ಇನ್ನೊಬ್ಬ ಸಹೋದರ ಸೋಮಯ್ಯನವರೂ ಸೈನ್ಯಾಧಿಕಾರಿಗಳು. 1947-48ರ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಅವರು ನೆಲಬಾಂಬಿನ ಅಪಘಾತಕ್ಕೆ ಬಲಿಯಾದರು. ಮೂವರು ಮಕ್ಕಳನ್ನು ದಂಡಿಗೆ ಕೊಟ್ಟ ಮನೆಯು ಅನುಭವಿಸಿದ ತಳಮಳವನ್ನು ಯಾವ ಯುದ್ಧವರದಿಯಲ್ಲಿಯೂ ಬರೆದಿರುವುದಿಲ್ಲ.

ನಮ್ಮ ಸೀಮೆಗೆ ಬಿಡುಗಡೆಯಾದುದು 1948ರ ಸೆಪ್ಟೆಂಬರ್ 17ರಂದು. ಅದಾಗಿ ಒಂದೂವರೆ ತಿಂಗಳಿಗೆ, ನವೆಂಬರ್ 1ರಂದು, ತಿಮ್ಮಯ್ಯನವರ ಪಡೆಯು ಹನ್ನೊಂದು ಸಾವಿರ ಅಡಿಗೂ ಮಿಕ್ಕ ಎತ್ತರದ ಝೋಜಿ ಲಾ ಕಣಿವೆಯನ್ನು ಭೇದಿಸಿತು. ಟ್ಯಾಂಕುಗಳು ಅಷ್ಟು ಎತ್ತರಕ್ಕೆ ಬರಲಾರವೆಂದು ಶತ್ರುಗಳು ನಂಬಿದ್ದರು. ಮದ್ರಾಸ್ ಸ್ಯಾಪರ್ಸ್ ಪಡೆಯವರು ದಾರಿ ಕಡಿದರು. ಟ್ಯಾಂಕುಗಳು ಗುಟ್ಟಾಗಿ ಮೇಲೇರಿದವು. ಲಡಾಖಿನ ದಾರಿ ತೆರೆಯಿತು.

ಬಳಿಕ ಅವರಿಗೆ ಒದಗಿದ ಒಂದು ಕೆಲಸವಂತೂ ಮನೆವಾರ್ತೆಯ ಮಾತೇ ಆಗಿದ್ದಿತು. ಕೊರಿಯಾ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲೊಲ್ಲೆವೆಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಹೊಣೆಯು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂದಿತು. ಅದರ ಅಧ್ಯಕ್ಷರು ತಿಮ್ಮಯ್ಯನವರು. ಬಲಾತ್ಕಾರವಿಲ್ಲದೆ ಒಬ್ಬೊಬ್ಬನೂ ಮನೆಗೆ ಹೋಗುವೆನೋ ಇಲ್ಲವೋ ಎಂಬುದನ್ನು ತಾನೇ ಹೇಳುವಂತಾಗಬೇಕು. ಇದು ಆ ಆಯೋಗದ ಕೆಲಸ. 1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತರಾದ ಮೇಲೂ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು 1964ರಲ್ಲಿ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ವಯಸ್ಸು ಐವತ್ತೊಂಬತ್ತು. ಕೊನೆಯ ಗಳಿಗೆಯೂ ತವರು ನೆಲದಿಂದ ದೂರವೇ ಕಳೆಯಿತು.

ಮಡಿಕೇರಿಯಲ್ಲಿ ಅವರು ಬೆಳೆದ 'ಸನ್ನಿ ಸೈಡ್' ಎಂಬ ಮನೆಯು 2021ರಿಂದ ವಸ್ತುಸಂಗ್ರಹಾಲಯವಾಗಿದೆ. ದೊಡ್ಡವರ ನೆನಪನ್ನು ಸರ್ಕಾರ ಕಾಪಾಡುತ್ತದೆ. ಫರಸಿ ಕಲ್ಲು ಹಾಸಿದ ನಮ್ಮ ಪಡಸಾಲೆಯಲ್ಲಿ ಕುಳಿತಿರುವ ಮಾಜಿ ಹವಾಲ್ದಾರರ ನೆನಪನ್ನು ಕಾಪಾಡುವವರು ಯಾರು? ಅವರ ಮನೆಯವರೇ. ಅದನ್ನು ಅವರಿರುವಾಗಲೇ ಮಾಡುವುದು ಮೇಲು. ಯಾವ ವರ್ಷ ಯಾವ ಊರಿನಲ್ಲಿದ್ದರು, ಯಾರ ಜೊತೆಗಿದ್ದರು, ಆ ವರ್ಷ ಹೊಲವನ್ನು ನೋಡಿಕೊಂಡವರಾರು, ತೊಗರಿಯ ರಾಶಿ ಮಾಡಿಸಿದವರಾರು, ಮಗು ಹುಟ್ಟಿದ ಸುದ್ದಿ ಎಷ್ಟು ದಿನಕ್ಕೆ ಮುಟ್ಟಿತು ಎಂಬುದನ್ನೆಲ್ಲ ಕೇಳಿ ಒಂದು ವಹಿಯಲ್ಲಿ ಬರೆದಿಡಬೇಕು. ಅಜ್ಜನನ್ನು ಕೇಳಿದಂತೆಯೇ ಅಜ್ಜಿಯನ್ನೂ ಕೇಳಬೇಕು. ಅರ್ಧ ಕಥೆ ಆಕೆಯ ಬಳಿಯಲ್ಲಿಯೇ ಇರುವುದು.

ಇನ್ನೊಂದು ಮಾತನ್ನು ಗೃಹಸ್ಥರು ಅಲಕ್ಷ್ಯ ಮಾಡಬಾರದು. ಪತಿಯ ತರುವಾಯ ಕುಟುಂಬ ಪಿಂಚಣಿ ಸಕಾಲದಲ್ಲಿ ಬರಬೇಕಾದರೆ, ಪತ್ನಿಯ ಹೆಸರೂ ಹುಟ್ಟಿದ ತಾರೀಖೂ ಪಿಂಚಣಿಯ ಆದೇಶಪತ್ರದಲ್ಲಿ, ಆಧಾರ್ ಚೀಟಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಒಂದೇ ಆಗಿರಬೇಕು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಮತ್ತೊಂದು ಹೆಸರು ಇರುವುದು ನಮ್ಮ ಕಡೆಗೆ ಅಪರೂಪವಲ್ಲ. ದಂಡಿನ ಕಾಗದದಲ್ಲಿ ಒಂದು, ಊರಿನ ಕಾಗದದಲ್ಲಿ ಇನ್ನೊಂದು ಉಳಿದರೆ, ದುಃಖದ ದಿನಗಳಲ್ಲಿ ಆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಹಿರಿಯರು ಬದುಕಿರುವಾಗಲೇ, ಅವರ ಸಹಿಯಿಂದಲೇ, ಇದನ್ನು ತಿದ್ದಿಸುವುದು ಸುಲಭ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ದಾರಿ ಹೇಳುತ್ತಾರೆ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿಯ ಆದೇಶಪತ್ರ, ಪದಕಗಳು, ಹಳೆಯ ಪತ್ರಗಳು ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿರಲಿ. ಆ ಪೆಟ್ಟಿಗೆಯ ಬೀಗದ ಕೈ ಮನೆಯಾಕೆಯ ಬಳಿಯಲ್ಲಿರಲಿ. ಹಿರಿಯರಿಲ್ಲದ ದಿನ ಮನೆಗೆ ಮೊದಲು ಬೇಕಾಗುವುದು ಅದೇ.