ಹೆಸರಿಗೆ ಪ್ರಾಂತ

ಪೋರ್ತುಗಾಲದ ಸರ್ವಾಧಿಕಾರಿ ಸಾಲಝಾರನು ೧೯೫೧ರಲ್ಲಿ ರಾಜ್ಯಾಂಗವನ್ನು ತಿದ್ದಿ, ತನ್ನ ವಸಾಹತುಗಳೆಲ್ಲ ಇನ್ನು ಮುಂದೆ 'ಸಾಗರದಾಚೆಯ ಪ್ರಾಂತ'ಗಳೆಂದು ಸಾರಿದನು. ನಮ್ಮ ಕಾರವಾರದ ಮಗ್ಗುಲಿನ ಗೋವೆಗೂ ಈ ಹೊಸ ಅಂಗಿಯನ್ನು ತೊಡಿಸಿದ್ದನ್ನು ಕನ್ನಡಿಗರು ಬಲ್ಲರು. ಅದೇ ಅಂಗಿ ತೊಟ್ಟ ಕೇಪ್ ವರ್ಡ್ ದ್ವೀಪಗಳ ಕಥೆ ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿಲ್ಲ.

ಆಫ್ರಿಕದ ಪಶ್ಚಿಮ ಕರಾವಳಿಯಿಂದ ಸುಮಾರು ೫೭೦ ಕಿಲೋಮೀಟರು ದೂರ, ಅಟ್ಲಾಂಟಿಕ್ ಸಾಗರದಲ್ಲಿ ಚೆದುರಿದ ಹತ್ತು ದ್ವೀಪಗಳಿವು. ಗಾಳಿಯ ದಿಕ್ಕು ಹಿಡಿದು ಉತ್ತರದ ಆರನ್ನು ಬಾರ್ಲವೆಂತು, ದಕ್ಷಿಣದ ನಾಲ್ಕನ್ನು ಸೊತವೆಂತು ಎಂದು ಕರೆದರು. ಪೋರ್ತುಗೀಜರು ಬಂದಾಗ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ೧೪೬೨ರಲ್ಲಿ ಸಾಂತಿಯಾಗೊ ದ್ವೀಪದ ರಿಬೇರ ಗ್ರಾಂದೆಯಲ್ಲಿ ನೆಲೆಯೂರಿ, ಗಿನಿ ತೀರದ ಜನರನ್ನು ಗುಲಾಮರಾಗಿ ತಂದು ದುಡಿಸಿದರು, ಮಾರಿದರು. ಗುಲಾಮರು ಬೆಳೆದ ಹತ್ತಿಯಿಂದ ಗುಲಾಮರೇ ನೆಯ್ದ ಬಟ್ಟೆಯು ಗಿನಿಯಲ್ಲಿ ಮತ್ತಷ್ಟು ಗುಲಾಮರನ್ನು ಕೊಳ್ಳುವ ನಾಣ್ಯವಾಯಿತು! ೧೮೭೯ರವರೆಗೆ ಆ ಗಿನಿ ತೀರದ ಆಡಳಿತವೂ ಈ ದ್ವೀಪಗಳ ಗವರ್ನರನ ಕೈಯಲ್ಲಿಯೇ ಇತ್ತು.

ಕಾಯಿದೆಯ ಕಣ್ಣಿನಲ್ಲಿ ದ್ವೀಪವಾಸಿಗಳು ಅಂಗೋಲದ 'ನೇಟಿವ'ರಂತಲ್ಲ, ಪೌರರು. ಆದರೆ ಮಳೆ ಹೋದಾಗ ಆ ಪೌರತ್ವವು ಅನ್ನವಿಕ್ಕಲಿಲ್ಲ. ೧೯೪೦ರ ದಶಕದ ಎರಡು ಕ್ಷಾಮಗಳಲ್ಲಿ ಹತ್ತಾರು ಸಾವಿರ ಜನ ಸತ್ತರು. ೧೯೪೦ರಲ್ಲಿ ೧,೮೦,೦೦೦ ದಾಟಿದ್ದ ಜನಸಂಖ್ಯೆಯು ೧೯೫೦ರ ಖಾನೇಸುಮಾರಿಯ ಹೊತ್ತಿಗೆ ಸುಮಾರು ೧,೫೦,೦೦೦ಕ್ಕೆ ಇಳಿದಿತ್ತು. ಅನೇಕರು ಸಾವೊ ತೊಮೆಯ ಕೋಕೋ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದರು. ಹಸಿದವರ ಮಟ್ಟಿಗೆ ಕೈ ಬಿಗಿಹಿಡಿದ ಸರಕಾರವು, ತನ್ನ ವಿರೋಧಿಗಳನ್ನು ಕೂಡಿಹಾಕಲು ಸಾಂತಿಯಾಗೊದ ತರಫಾಲಿನಲ್ಲಿ ೧೯೩೬ರಲ್ಲಿಯೇ ಸೆರೆಮನೆ ತೆರೆದಿತ್ತು.

ಮಳೆ ಕಾಣದ ನೆಲದಲ್ಲಿ ಕ್ಷಾಮವು ದೈವಕೃತವೆಂದು ಹೇಳುವವರುಂಟು. ನಾವು ಇದನ್ನು ಒಪ್ಪಲಾರೆವು. ಅಮಿಲ್ಕಾರ್ ಕಬ್ರಾಲನು ಕಟ್ಟಿದ ಹೋರಾಟವು, ೧೯೭೩ರಲ್ಲಿ ಅವನ ಕೊಲೆಯಾದ ಮೇಲೂ ನಿಲ್ಲದೆ, ೧೯೭೫ರ ಜುಲೈ ೫ರಂದು ದ್ವೀಪಗಳಿಗೆ ಸ್ವಾತಂತ್ರ್ಯ ತಂದಿತು. ಆ ಮೇಲೆಯೂ ಮಳೆ ಎಷ್ಟೋ ಬಾರಿ ಕೈಕೊಟ್ಟಿದೆ. ಅಂತಹ ಸಾವು ಮರುಕಳಿಸಿಲ್ಲ.

ಇಂದು ಜನವಸತಿಯಿರುವ ಒಂಬತ್ತು ದ್ವೀಪಗಳಲ್ಲಿ ೨೨ ಸ್ಥಳೀಯಾಡಳಿತ ಘಟಕಗಳಿವೆ. ಹಿಂದೆ ಲಿಸ್ಬನ್ನಿನ ಅಪ್ಪಣೆಗೆ ಕಾದಿದ್ದ ಊರುಗಳು ತಮ್ಮ ಸಭೆಗಳನ್ನು ತಾವೇ ಆರಿಸುತ್ತವೆ. ಆದರೂ ಒಂಬತ್ತು ಘಟಕಗಳು ಸಾಂತಿಯಾಗೊ ಒಂದರಲ್ಲಿಯೇ ಇವೆ, ರಾಜಧಾನಿ ಪ್ರಾಯಾ ಕೂಡ ಅಲ್ಲಿಯೇ. ಅಧಿಕಾರವೆಲ್ಲ ಪ್ರಾಯಾದಲ್ಲಿ ಮಡುಗಟ್ಟಿದೆಯೆಂದು ಸಾವೊ ವಿಸೆಂತೆಯ ಜನರು ಬಹುಕಾಲದಿಂದ ದೂರುತ್ತಿದ್ದಾರೆ. ಅವರ ಅಹವಾಲು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಪ್ರಾಯಾದವರು ಅದನ್ನು ಕಿವಿಗೊಟ್ಟು ಕೇಳಬೇಕು.