ಕೇಳಿದವರು ಉತ್ತರ ಕೊಡಬೇಡವೆ?

ಮಹಾಜನ್ ವರದಿ ಎಂದ ಕೂಡಲೆ ನಮ್ಮಲ್ಲಿ ಚಪ್ಪಾಳೆ. ಬರೆದವರು ಮೆಹರ್ ಚಂದ್ ಮಹಾಜನ್, ಲಾಹೋರಿನಲ್ಲಿ ವಕೀಲಿ ಮಾಡಿದವರು. 1947ರಲ್ಲಿ ಪಂಜಾಬಿನ ಗಡಿ ಆಯೋಗದಲ್ಲಿ ಕೂತರು. ಆ ಲಾಹೋರೇ ಗಡಿಯಾಚೆ ಹೋಯ್ತು. 1954ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ. ಗಡಿಯ ನೋವು ಗೊತ್ತಿದ್ದ ಅವರಿಂದಲೇ 1966ರಲ್ಲಿ ಕೇಂದ್ರ ಸರ್ಕಾರ ಸಲಹೆ ಕೇಳಿತು. 1967ರಲ್ಲಿ ಅವರು, ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದರು. ನಮ್ಮ ಪೈವಳಿಕೆಯೂ ಅದರಲ್ಲಿ ಬಂತು. ಆಮೇಲೆ? ಜಾರಿಯೂ ಇಲ್ಲ, ಜವಾಬೂ ಇಲ್ಲ.

ಬೆಳಗಾವಿ ಕೊಡಲಿಲ್ಲವೆಂದು ಮಹಾರಾಷ್ಟ್ರ ಅವರನ್ನು ದೂರಿತು, ನಾವು ಹೊಗಳಿದೆವು. ಎರಡೂ ಸುಲಭ. ತಪ್ಪು ಸಲಹೆ ಕೊಟ್ಟವರದ್ದಲ್ಲ, ಕೇಳಿ ಸುಮ್ಮನೆ ಕೂತವರದ್ದು.

ನಾನು ಏಳನೇ ಕ್ಲಾಸಿನವ, ಪಾಡ್ದನ ಹೇಳುವವ. ಭೂತದ ಎದುರು ಅರಿಕೆ ಮಾಡಿದರೂ ಒಂದು ನುಡಿ ಸಿಗ್ತದೆ. ಆಗ ನಾನು ಮಗು, ಈಗ ಅಜ್ಜ. ಇಲ್ಲವೆಂದಾದರೆ ಇಲ್ಲವೆಂದೇ ಬರೆದು ಕೊಡಿ ಸ್ವಾಮೀ!